ಕರವಸ್ತ್ರ ಸಾಲದು, ಡಾಬು ಬೇಕು

ಧಾರವಾಡದ ಹವ್ಯಾಸಿ ತಂಡಗಳಿಗೆ, ಕಾಲೇಜು ಹುಡುಗರಿಗೆ ನಾಟಕ ಮಾಡಿಸುವವನು ನಾನು. ಶೇಕ್ಸ್‌ಪಿಯರ್‌ನ 'ಒಥೆಲೊ' ಎತ್ತಿಕೊಂಡಾಗಲೆಲ್ಲ ಹುಡುಗರಿಗೆ ಇಯಾಗೋ ಪಾರ್ಟೇ ಬೇಕು, ಸೇನಾಪತಿ ಒಥೆಲೊನ ಕಿವಿ ಊದಿ ಹೆಂಡತಿ ಮೇಲೆ ಅನುಮಾನ ಹುಟ್ಟಿಸುವ ಖಳನ ಪಾರ್ಟು ಅದು. ಅದಕ್ಕೆ ಜನ ಸಿಗದ ಚಿಂತೆ ಇಲ್ಲ. ಕಿವಿ ಊದುವವರು ಓಣಿಗೊಬ್ಬರು, ಆಫೀಸಿಗಿಬ್ಬರು ಇರುತ್ತಾರೆ, ನೋಡಿ ಕಲಿಯಬಹುದು. ತಾಲೀಮು ನಿಂತುಬಿಡುವುದು ಕರವಸ್ತ್ರದ ಪ್ರವೇಶದಲ್ಲಿ.

ಒಥೆಲೊ ತನ್ನ ಹೆಂಡತಿ ಡೆಸ್ಡಿಮೋನಾಗೆ ಕೊಟ್ಟ ಮೊದಲ ಉಡುಗೊರೆ ಅದು. ಮೇಲೆ ಸ್ಟ್ರಾಬೆರಿ ಹಣ್ಣಿನ ಕಸೂತಿ. ಅದು ಕ್ಯಾಸಿಯೊ ಎಂಬ ಅಧಿಕಾರಿಯ ಕೈಸೇರಿತು ಅನ್ನುವುದೇ ಅವಳು ತಪ್ಪಿದಳು ಎಂಬುದಕ್ಕೆ ಸಾಕ್ಷಿ. ಇಲ್ಲಿಗೆ ಬಂದಾಗ ಯಾರಾದರೂ ಒಬ್ಬ ಕೇಳಿಯೇ ಕೇಳುತ್ತಾನೆ: "ಅಲ್ರೀ ಸರ, ಒಂದ ಕರವಸ್ತ್ರಕ್ಕ ಹೆಂಡತೀನ ಕೊಲ್ತಾರೇನ್ರಿ? ಹೊಸಾದ ತಗೊಂಡ್ರ ಆತಲ್ರಿ." ಧಾರವಾಡದ ಕಸೂತಿಯನ್ನೇ ಹಾಕಿಸಿ ಕೊಟ್ಟರೂ ಅವನಿಗೆ ಅದು ಮುಖ ಒರೆಸುವ ಬಟ್ಟೆಯೇ.

ಈ ಅನುಮಾನ ಶೇಕ್ಸ್‌ಪಿಯರ್‌ಗೂ ಇತ್ತೇನೋ. ಮೂರನೇ ಅಂಕದಲ್ಲಿ ಒಥೆಲೊ ಆ ಬಟ್ಟೆಗೆ ಒಂದು ಕಥೆ ಕಟ್ಟುತ್ತಾನೆ. ಇದನ್ನು ನನ್ನ ತಾಯಿಗೆ ಈಜಿಪ್ಟಿನ ಮಂತ್ರಗಾರ್ತಿ ಕೊಟ್ಟಳು, ನೇಯ್ಗೆಯಲ್ಲೇ ಮಾಟ ಇದೆ ಅಂತ ಹೆಂಡತಿಯನ್ನು ಹೆದರಿಸುತ್ತಾನೆ. ಕೊನೆಯ ಅಂಕದಲ್ಲಿ ಅದನ್ನೇ ಅಪ್ಪ ಅಮ್ಮನಿಗೆ ಕೊಟ್ಟದ್ದು ಅನ್ನುತ್ತಾನೆ. ಎರಡೂ ಮಾತು ತಾಳೆ ಆಗುವುದಿಲ್ಲ. ಬಟ್ಟೆಗೆ ತೂಕ ಬರಬೇಕು ಅನ್ನುವ ಆತುರವಂತೂ ಎರಡರಲ್ಲೂ ಕಾಣುತ್ತದೆ.

ವಿಶಾಲ್ ಭಾರದ್ವಾಜ್ 2006ರಲ್ಲಿ ಇದೇ ಕಥೆಯನ್ನು 'ಓಂಕಾರ' ಅಂತ ಹಿಂದಿ ಸಿನಿಮಾ ಮಾಡಿದಾಗ ಈ ತೂಕವನ್ನು ಕಣ್ಣಿಗೇ ಕಾಣುವಂತೆ ಮಾಡಿದರು. ಕಥೆ ಉತ್ತರಪ್ರದೇಶದ ಪಶ್ಚಿಮ ಭಾಗಕ್ಕೆ ಬಂತು. ಸೇನಾಪತಿ ಒಥೆಲೊ ರಾಜಕಾರಣಿಯ ಬಲಗೈ ಬಂಟ ಓಂಕಾರನಾದ. ಒಥೆಲೊನ ಕಪ್ಪು ಬಣ್ಣದ ಜಾಗಕ್ಕೆ ಜಾತಿ ಬಂತು. ಓಂಕಾರನ ಅಪ್ಪ ಬ್ರಾಹ್ಮಣ, ತಾಯಿ ಕೆಳಜಾತಿಯವಳು. ಕರವಸ್ತ್ರ ಹೋಗಿ ಸೊಂಟದ ಆಭರಣ ಬಂತು, ನಮ್ಮ ಕಡೆ ಡಾಬು ಅಂತೀವಲ್ಲ, ಆ ಜಾತಿಯದ್ದು. ಓಂಕಾರನ ಮನೆತನದಲ್ಲಿ ತಲೆಮಾರಿನಿಂದ ಬಂದದ್ದು ಡಾಲಿಯ, ಅಂದರೆ ಇಲ್ಲಿನ ಡೆಸ್ಡಿಮೋನಾಳ, ಸೊಂಟಕ್ಕೆ ಬರುತ್ತದೆ. ಹುಡುಗರಿಗೆ ಇದನ್ನು ಹೇಳಿ, ಅತ್ತೆ ಮನೆಯ ಡಾಬು ಕಳೆದರೆ ಏನಾಗುತ್ತೆ ಅಂತ ಕೇಳಿ ನೋಡಿ. "ಮುಗೀತ್ರಿ, ತವರಮನಿ ಹಾದಿ ಹಿಡಿಯೂದ" ಅಂತ ಹುಡುಗಿಯರೇ ಉತ್ತರ ಕೊಡುತ್ತಾರೆ. ಕರವಸ್ತ್ರ ಹೋದರೆ ಗಂಡ ಹೆಂಡತಿ ನಡುವಿನ ವಿಷಯ. ಡಾಬು ಹೋದರೆ ಎರಡು ಮನೆಯವರೂ ಪಂಚಾಯ್ತಿಗೆ ಕೂರುತ್ತಾರೆ.

ನಿರ್ದೇಶಕನಿಗೆ ಇದರಲ್ಲಿ ಇನ್ನೊಂದು ಪಾಠ ಇದೆ. ಕರವಸ್ತ್ರ ಕೈಜಾರಿ ಬೀಳಬಹುದು. ಮೂಲದಲ್ಲಿ ಬೀಳುವುದೂ ಹಾಗೆಯೇ. ಇಯಾಗೋನ ಹೆಂಡತಿ ಎಮಿಲಿಯಾ ಅದನ್ನು ಎತ್ತಿಕೊಳ್ಳುತ್ತಾಳೆ. ಕೊಂಡಿ ಹಾಕಿದ ಡಾಬು ತಾನಾಗಿ ಬೀಳುವುದಿಲ್ಲ. ಒಬ್ಬರು ಬಿಚ್ಚಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಆ ಇನ್ನೊಬ್ಬಳು ಸಿನಿಮಾದಲ್ಲಿ ಇಂದು, ಇಯಾಗೋನ ಜಾಗದಲ್ಲಿರುವ ಲಂಗಡಾ ತ್ಯಾಗಿಯ ಹೆಂಡತಿ. ಬಿದ್ದ ಬಟ್ಟೆ ಎತ್ತಿಕೊಂಡರೆ ಯಾರೂ ಕಳ್ಳಿ ಅನ್ನುವುದಿಲ್ಲ, ಆಭರಣಕ್ಕೆ ಕೈ ಹಾಕಿದರೆ ಅನ್ನುತ್ತಾರೆ. ಅವಳ ಪಾಲಿನ ತಪ್ಪು ದೊಡ್ಡದಾಯ್ತು, ಜೊತೆಗೆ ಪಾತ್ರವೂ ಬೆಳೆಯಿತು. ಕೊಂಕಣಾ ಸೇನ್ ಶರ್ಮಾಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸೈಫ್ ಅಲಿ ಖಾನ್‌ನ ಕುಂಟುವ ಲಂಗಡಾನನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ನನ್ನ ಕಣ್ಣು ಮಾತ್ರ ಇಂದು ಮೇಲೆಯೇ ಇರುತ್ತದೆ.

ಸಾಕ್ಷಿಯ ವಿಷಯದಲ್ಲಿ ಮೊಬೈಲ್ ಫೋನಿನ ಪ್ರವೇಶ ಬಿಡುವ ಹಾಗಿಲ್ಲ. ನಾಟಕದಲ್ಲಿ ಒಥೆಲೊ ಮರೆಯಲ್ಲಿ ನಿಂತು ನೋಡುತ್ತಾನೆ. ಕ್ಯಾಸಿಯೊ ತನ್ನ ಗೆಳತಿ ಬಿಯಾಂಕಾ ಬಗ್ಗೆ ನಗುತ್ತಿದ್ದರೆ, ಇವನು ಅದು ತನ್ನ ಹೆಂಡತಿ ಬಗ್ಗೆ ಅಂದುಕೊಳ್ಳುತ್ತಾನೆ. ರಂಗದ ಮೇಲೆ ಇದು ತುಸು ಪೇಚಿನ ಕೆಲಸ. ಕಂಬದ ಹಿಂದೆ ನಿಂತ ಸೇನಾಪತಿಯನ್ನು ನೋಡಿ ಹಿಂದಿನ ಸಾಲಿನವರು ನಗುತ್ತಾರೆ. ಸಿನಿಮಾದಲ್ಲಿ ಓಂಕಾರನಿಗೆ ಫೋನಿನಲ್ಲಿ ಕೇಶುವಿನ, ಅಂದರೆ ಇಲ್ಲಿನ ಕ್ಯಾಸಿಯೊನ, ಮಾತಷ್ಟೇ ಕೇಳುತ್ತದೆ. ಕೇಶು ಹೇಳುತ್ತಿರುವುದು ತನ್ನ ಗೆಳತಿ ಬಿಲ್ಲೋ ಬಗ್ಗೆ. ಮುಖ ಕಾಣದೆ ಬರೀ ದನಿ ಕೇಳಿದಾಗ ಉಳಿದದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ, ಅಲ್ವಾ?

ಮದುವೆಯ ಜಾಗ ಬದಲಾದದ್ದು ಅದಕ್ಕಿಂತ ದೊಡ್ಡ ಮಾತು. ಮೂಲದಲ್ಲಿ ಪರದೆ ಏಳುವಷ್ಟರಲ್ಲಿ ಗುಟ್ಟಾಗಿ ಮದುವೆ ಮುಗಿದಿರುತ್ತದೆ. ಸಿನಿಮಾದಲ್ಲಿ ಡಾಲಿ ಮನೆ ಬಿಟ್ಟು ಬಂದಿದ್ದಾಳೆ, ತಾಳಿ ಬಿದ್ದಿಲ್ಲ. ಅನುಮಾನ ಬೆಳೆಯುತ್ತಿರುವಾಗಲೇ ಮನೆಯಲ್ಲಿ ಮದುವೆ ತಯಾರಿ ನಡೆಯುತ್ತದೆ. ಕೊಲೆ ಆಗುವುದು ಮೊದಲ ರಾತ್ರಿ. ಭಾರದ್ವಾಜ್ ಸುಮ್ನೆ ಹುಟ್ಟಿಸಿದ್ದಲ್ಲ ಇದು ಅಂತ ನನಗೆ ಅನಿಸುತ್ತದೆ. ನಾಟಕದಲ್ಲಿ ಡೆಸ್ಡಿಮೋನಾ ಸಾಯುವ ರಾತ್ರಿ, ಹಾಸಿಗೆಗೆ ಮದುವೆಯ ಹಾಸುಗಳನ್ನೇ ಹಾಕು ಅಂತ ಎಮಿಲಿಯಾಗೆ ಹೇಳುತ್ತಾಳೆ. ಓದುವಾಗ ಸುಲಭವಾಗಿ ದಾಟಿಹೋಗುವ ಮಾತು ಅದು. ಸಿನಿಮಾ ಅದನ್ನೇ ಹಿಡಿದು ಇಡೀ ಕೊನೆಯನ್ನು ಕಟ್ಟಿದ ಹಾಗಿದೆ.

ನಮ್ಮವರು ಈ ನಾಟಕಕ್ಕೆ ಕೈ ಹಾಕಿದ್ದು ಬಹಳ ಹಿಂದೆ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು 19ನೇ ಶತಮಾನದಲ್ಲೇ ಇದನ್ನು 'ಶೂರಸೇನ ಚರಿತ್ರೆ' ಮಾಡಿದ್ದರು. ಮಲಯಾಳದಲ್ಲಿ ಜಯರಾಜ್ 1997ರಲ್ಲಿ 'ಕಳಿಯಾಟ್ಟಂ' ತೆಗೆದರು. ಅಲ್ಲಿ ನಾಯಕ ತೆಯ್ಯಂ (ನಮ್ಮ ಭೂತಕೋಲದಂಥ ಆರಾಧನೆಯ ಕುಣಿತ) ಕಟ್ಟುವವನು, ಮುಖದ ತುಂಬ ಸಿಡುಬಿನ ಕಲೆ. ಅದನ್ನೂ ಒಮ್ಮೆ ನೋಡಿ.

ಕೊನೆಯ ಬಗ್ಗೆ ಮಾತ್ರ ನನ್ನದೊಂದು ತಕರಾರು. ನಾಟಕದಲ್ಲಿ ಎಮಿಲಿಯಾ ಸತ್ಯ ಬಾಯಿಬಿಟ್ಟು ಗಂಡನ ಕೈಯಲ್ಲೇ ಸಾಯುತ್ತಾಳೆ. ಇಯಾಗೋ ಬದುಕಿ ಉಳಿಯುತ್ತಾನೆ, ಇನ್ನು ಒಂದು ಮಾತೂ ಆಡುವುದಿಲ್ಲ ಅನ್ನುತ್ತಾನೆ. ಯಾಕೆ ಹೀಗೆ ಮಾಡಿದ ಅಂತ ಯಾರಿಗೂ ತಿಳಿಯುವುದಿಲ್ಲ. ಸಿನಿಮಾದಲ್ಲಿ ಇಂದು ಕುಡಗೋಲಿನಿಂದ ಲಂಗಡಾನ ಕುತ್ತಿಗೆ ಕತ್ತರಿಸುತ್ತಾಳೆ. ಡಾಬು ಕದ್ದವಳಿಗೆ ಆ ಸಿಟ್ಟು ಬರುವುದು ಸಹಜ, ಒಪ್ಪುತ್ತೇನೆ. ಆದರೂ ಖಳ ಸತ್ತಾಗ ನೋಡುವವರ ಎದೆ ಹಗುರಾಗುತ್ತದೆ, ಈ ಕಥೆಯಲ್ಲಿ ಅದು ಆಗಬಾರದು. ನಾನು ಮಾಡಿಸುವಾಗ ಇಯಾಗೋನನ್ನು ಬದುಕಿಸಿಯೇ ಪರದೆ ಹಾಕುತ್ತೇನೆ. ತಂಡದ ಹುಡುಗಿಯರು ಇದನ್ನು ಒಪ್ಪುವುದಿಲ್ಲ. "ಸಿನಿಮಾದಾಗಿಂದ ಬರೋಬ್ಬರಿ ಐತ್ರಿ ಸರ" ಅಂತ ವಾದ ಮಾಡುತ್ತಾರೆ.