ತಂಗಡಿ ಎಲೆಯ ಸಾರ, ನೇರಳೆ ಬಣ್ಣದ ಪರೀಕ್ಷೆ

ಗದಗ, ಮುಂಡರಗಿ ಕಡೆಯ ಒಣಭೂಮಿಯಲ್ಲಿ ತಂಗಡಿ ಗಿಡ ಯಾರ ಆರೈಕೆಯೂ ಇಲ್ಲದೆ ಹಳದಿ ಹೂ ಬಿಟ್ಟು ನಿಲ್ಲುತ್ತದೆ. ಚರ್ಮ ಹದ ಮಾಡಲು ಇದರ ತೊಗಟೆ ಬಳಸುತ್ತಿದ್ದರು. ಹದ ಮಾಡುವ ಆ ಒಗರಿನ ಅಂಶವೇ ಟ್ಯಾನಿನ್, ಪಾಲಿಫಿನಾಲ್ ಎಂಬ ಸಸ್ಯ ರಾಸಾಯನಿಕಗಳ ಗುಂಪಿಗೆ ಸೇರಿದ್ದು. ಟ್ಯಾನಿನ್‌ನಂಥ ಪಾಲಿಫಿನಾಲ್‌ಗಳು ಹೈಡ್ರೋಜನ್ ಪರಮಾಣುವನ್ನು ಸುಲಭವಾಗಿ ಬಿಟ್ಟುಕೊಟ್ಟು, ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಫ್ರೀ ರ್‍ಯಾಡಿಕಲ್‌ಗಳನ್ನು ಶಾಂತಗೊಳಿಸುತ್ತವೆ. ಆ್ಯಂಟಿಆಕ್ಸಿಡೆಂಟ್ ಗುಣ ಎನ್ನುವುದು ಇದನ್ನೇ. ತಂಗಡಿ ಎಲೆಯಲ್ಲಿ ಈ ಗುಣ ಎಷ್ಟಿದೆ ಎಂದು ಅಳೆಯುವ ಬಗೆ ಇಲ್ಲಿದೆ.

ಎಲೆಯನ್ನು ಹೊಲದ ಬದುವಿನಿಂದಲೇ ತನ್ನಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ಅನುಮತಿಯಿಲ್ಲದೆ ಕೀಳುವಂತಿಲ್ಲ. ತೊಳೆದು, ನೆರಳಲ್ಲಿ ತೆಳುವಾಗಿ ಹರಡಿ. ಬಿಸಿಲಿಗೆ ಹಾಕಿದರೆ ಪಾಲಿಫಿನಾಲ್ ಹಾಳಾಗುತ್ತದೆ, ರಾಶಿ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಅರೆದು, 10 ಗ್ರಾಂ ಪುಡಿಗೆ 100 ಮಿಲೀ ಲೀಟರ್ 70 ಪ್ರತಿಶತ ಎಥನಾಲ್ ಹಾಕಿ, ಮುಚ್ಚಿ 24 ಗಂಟೆ ಅಲುಗಾಡಿಸಿ ಸೋಸಬೇಕು. ದ್ರಾವಕವನ್ನು 40 ಡಿಗ್ರಿ ಸೆಲ್ಸಿಯಸ್ ದಾಟದಂತೆ ಆವಿ ಮಾಡಬೇಕು. ಉಳಿಯುವುದೇ ಸಾರ.

ಪರೀಕ್ಷೆಗೆ ಡಿಪಿಪಿಎಚ್ ಎಂಬ ಗಾಢ ನೇರಳೆ ರಾಸಾಯನಿಕ ಬೇಕು. ಅದೇ ಒಂದು ಸ್ಥಿರ ರ್‍ಯಾಡಿಕಲ್. 3.9 ಮಿಲಿಗ್ರಾಂ ತೂಗಿ 100 ಮಿಲೀ ಲೀಟರ್ ಮೆಥನಾಲಿನಲ್ಲಿ ಕರಗಿಸಿ, ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಅದೇ ದಿನ ಬಳಸಿ. ಇದರ 3 ಮಿಲೀ ಲೀಟರಿಗೆ, ದ್ರಾವಕದಲ್ಲಿ ಮತ್ತೆ ಕರಗಿಸಿದ ಸಾರ 1 ಮಿಲೀ ಲೀಟರ್ ಸೇರಿಸಿ ಕತ್ತಲಲ್ಲಿ 30 ನಿಮಿಷ ಇಡಿ. ಹೈಡ್ರೋಜನ್ ಸಿಕ್ಕಂತೆ ನೇರಳೆ ಬಣ್ಣ ಮಾಸಿ ಹಳದಿಗೆ ತಿರುಗುತ್ತದೆ. ಎಷ್ಟು ಮಾಸಿತೆಂದು ತಿಳಿಯಲು, 517 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಕೊಳವೆಯ ದ್ರಾವಣ ಎಷ್ಟು ಹೀರುತ್ತದೆ ಎಂದು ಅಳೆಯುತ್ತಾರೆ.

ಬಹಳ ಮಂದಿ ಎಡವುವುದು ಇಲ್ಲಿಯೇ: ಸಾರಕ್ಕೂ ತನ್ನದೇ ಬಣ್ಣವಿದೆ. ಸಾರದ ಬದಲು ಬರೀ ದ್ರಾವಕ ಹಾಕಿದ ಕೊಳವೆ 0.84 ತೋರಿಸಿತು, ಸಾರ ಹಾಕಿದ್ದು 0.38 ತೋರಿಸಿತು ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಬಣ್ಣ 55 ಪ್ರತಿಶತ ಮಾಸಿದಂತೆ. ಅದೇ ಸಾರವನ್ನು ಡಿಪಿಪಿಎಚ್ ಇಲ್ಲದ ಮೆಥನಾಲಿಗೆ ಹಾಕಿದಾಗಲೂ 0.12 ಬಂದರೆ, ಅದನ್ನು ಕಳೆದಾಗ ನಿಜವಾದ ಅಂಕಿ 0.26, ಅಂದರೆ 69 ಪ್ರತಿಶತ. ಈ ಕೊಳವೆಯೊಂದನ್ನು ಇಡದಿದ್ದರೆ ಹೋಲಿಕೆಯೆಲ್ಲ ತಪ್ಪು. ಹೋಲಿಸಿ ನೋಡಲು ವಿಟಮಿನ್ ಸಿ ಹಾಕಿದ ಕೊಳವೆಯೂ ಜೊತೆಗಿರಲಿ. ಅರ್ಧದಷ್ಟು ರ್‍ಯಾಡಿಕಲ್ ತಣಿಸಲು ಬೇಕಾದ ಪ್ರಮಾಣಕ್ಕೆ ಐಸಿ50 ಎನ್ನುತ್ತಾರೆ. ಇದು ಕಡಿಮೆಯಿದ್ದಷ್ಟೂ ಸಾರ ಪ್ರಬಲ. ದೊಡ್ಡ ಅಂಕಿಯನ್ನೇ ದೊಡ್ಡ ಶಕ್ತಿಯೆಂದು ಓದಿಬಿಡುವವರು ಇದ್ದಾರೆ.

ಕೊಳವೆಯಲ್ಲಿ ಬಣ್ಣ ಮಾಸಿದ್ದನ್ನು ದೇಹಕ್ಕೆ ಸಿಕ್ಕ ಔಷಧವೆಂದು ಮಾರುವುದನ್ನು ನಾವು ಒಪ್ಪುವುದಿಲ್ಲ. ಪಾಲಿಫಿನಾಲ್‌ಗಳು ಕರುಳಿನಲ್ಲಿ ಅಲ್ಪವಾಗಿಯೇ ಹೀರಲ್ಪಡುತ್ತವೆ, ಪಿತ್ತಜನಕಾಂಗದಲ್ಲಿ ರೂಪ ಬದಲಿಸುತ್ತವೆ. ಆಹಾರಗಳ ಇಂಥ ಆ್ಯಂಟಿಆಕ್ಸಿಡೆಂಟ್ ಅಂಕಿಗಳ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದ ತೆಗೆದುಹಾಕಿತು. ಫಿನ್‌ಲೆಂಡಿನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು 18 ಪ್ರತಿಶತ ಹೆಚ್ಚಾಯಿತು.

ಮನೆಯಲ್ಲಿ ಕುಡಿಯುವುದು ನೀರಿನ ಕಷಾಯ, ಎಥನಾಲ್ ಸಾರವಲ್ಲ. ಹಾಗಾಗಿ ಕಷಾಯವನ್ನೇ ಪರೀಕ್ಷಿಸಬೇಕು. ಮೆಥನಾಲಿಗೆ ಬಿದ್ದಾಗ ಕಷಾಯದ ಅಂಟು ಮತ್ತು ಪ್ರೊಟೀನ್ ಮೊಸರುಗಟ್ಟಿದಂತಾಗಿ ಅಂಕಿ ಕೆಡುತ್ತದೆ. ಅಳೆಯುವ ಮುನ್ನ ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಗೆಂದು ತಂಗಡಿ ಕಷಾಯ ಕುಡಿಯುವವರು, ಮಾತ್ರೆಯೂ ನಡೆಯುತ್ತಿದ್ದರೆ, ವೈದ್ಯರಿಗೆ ಮೊದಲೇ ಹೇಳಬೇಕು. ಎರಡೂ ಸೇರಿ ಸಕ್ಕರೆ ತೀರಾ ಇಳಿಯುವ ಅಪಾಯವಿದೆ.