ಕೃಷಕ್ ಹುಡುಕುವವರು ಮೊದಲು ಬಾಲ ನೋಡಬೇಕು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಸೇನೆಯ ಹಳೆಯ ಚೀತಾ, ಚೇತಕ್‌ಗಳ ಜಾಗ ತುಂಬುವ ಹಗುರ ಹೆಲಿಕಾಪ್ಟರ್‌ಗಾಗಿ ಕಟ್ಟಿದ ಕಾರ್ಖಾನೆ ಅದು. ತುಮಕೂರಿನಿಂದ ಆ ಕಡೆ ಹೋದಾಗಲೆಲ್ಲ ನನಗೆ ಚೀತಾಗಿಂತ ಮೊದಲಿದ್ದ ಪುಟ್ಟ ವಿಮಾನವೊಂದು ನೆನಪಾಗುತ್ತದೆ. ಅದೇ ಕೃಷಕ್.

ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಹುಟ್ಟಿದ ಇದು ಮೊದಲು ಹಾರಿದ್ದು 1959ರಲ್ಲಿ. ರೈತನ ಹೆಸರಿಟ್ಟುಕೊಂಡು ಫಿರಂಗಿ ದಳದ ಕೆಲಸ ಮಾಡಿತು. ನಮ್ಮ ಗುಂಡು ಎಲ್ಲಿ ಬಿತ್ತು ಅಂತ ಮೇಲಿಂದ ನೋಡಿ ರೇಡಿಯೋದಲ್ಲಿ ತಿಳಿಸುವುದು. ತಯಾರಾದದ್ದು ನೂರಕ್ಕೂ ಕಡಿಮೆ. ಹಾಗಾಗಿ ಉಳಿದ ಒಂದೊಂದೂ ನನಗೆ ದೊಡ್ಡದು.

ಇಂಥ ವಿಮಾನ ಸಿಕ್ಕರೆ ಇದು ಯಾವುದು ಅಂತ ಗುರುತಿಸುವುದು ಹೇಗೆ? ಮೈಮೇಲಿನ ನಂಬರ್ ನಂಬಬೇಡಿ. ಸೇನೆಯಿಂದ ಫ್ಲೈಯಿಂಗ್ ಕ್ಲಬ್ಬಿಗೆ ಹೋದ ವಿಮಾನಕ್ಕೆ ಹೊಸ ಬಣ್ಣ, ‘ವಿಟಿ’ಯಿಂದ ಶುರುವಾಗುವ ಹೊಸ ನಂಬರ್ ಬರುತ್ತದೆ. ಬೈಕಿನ ನಂಬರ್ ಪ್ಲೇಟ್ ಬದಲಾದರೂ ಚಾಸಿ ನಂಬರ್ ಬದಲಾಗಲ್ಲ, ಅಲ್ವಾ? ವಿಮಾನದಲ್ಲೂ ಕಾರ್ಖಾನೆಯವರು ಕೂರಿಸಿದ ಚಿಕ್ಕ ಲೋಹದ ಫಲಕ ಇರುತ್ತದೆ. ಅದರಲ್ಲಿರುವ ನಂಬರೇ ಅದರ ಜಾತಕ.

ಕೃಷಕ್‌ನ ಒಡಲು ಉಕ್ಕಿನ ಕೊಳವೆಗಳ ಚೌಕಟ್ಟು. ಅದರ ಮೇಲೆ ಬಟ್ಟೆ. ಹೌದು, ಬಟ್ಟೆಯೇ. ಇಂಥ ವಿಮಾನಗಳ ಬಟ್ಟೆಗೆ ಡೋಪ್ ಅನ್ನುವ ದ್ರವ ಬಳಿಯುತ್ತಾರೆ. ಸೀರೆಗೆ ಗಂಜಿ ಹಾಕಿದರೆ ಸೆಟೆದು ನಿಲ್ಲುತ್ತದೆ. ಡೋಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಣಗುತ್ತಾ ತಾನೂ ಕುಗ್ಗಿ ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿಯುತ್ತದೆ. ಆದರೆ ಬಿಸಿಲಿನ ನೇರಳಾತೀತ ಕಿರಣ ಹತ್ತಿಯ ಎಳೆಗಳನ್ನು ಕಡಿಯುತ್ತದೆ. ಅದಕ್ಕೇ ಡೋಪಿನಲ್ಲಿ ಅಲ್ಯೂಮಿನಿಯಂ ಪುಡಿ ಬೆರೆಸಿ ಒಂದು ಬೆಳ್ಳಿ ಪದರ ಕೊಡುತ್ತಾರೆ. ಅದು ಬಿಸಿಲನ್ನು ಅಲ್ಲೇ ತಡೆಯುತ್ತದೆ. ಬಯಲಲ್ಲಿ ವರ್ಷಗಟ್ಟಲೆ ಬಿಟ್ಟರೆ ಆ ಪದರವೂ ಬಿರಿಯುತ್ತದೆ, ಬಟ್ಟೆ ಹರಿಯುತ್ತದೆ. 1951ರಲ್ಲಿ ಹಾರಿದ ಎಚ್‌ಎಎಲ್‌ನ ತರಬೇತಿ ವಿಮಾನ ಎಚ್‌ಟಿ-2ಕ್ಕೆ ಈ ಕಷ್ಟವಿಲ್ಲ, ಅದರ ಮೈಯೆಲ್ಲ ಲೋಹ.

ಚಿಂದಿಯಾದ ಬಟ್ಟೆ ನೋಡಿ ಗುಜರಿ ಅಂದುಕೊಳ್ಳಬೇಡಿ. ಬಟ್ಟೆ ಮತ್ತೆ ಹೊದಿಸಬಹುದು. ನೋಡಬೇಕಾದ್ದು ಕೊಳವೆ. ಕೃಷಕ್‌ಗೆ ಹಿಂದಿನ ಚಕ್ರ ಬಾಲದ ಕೆಳಗಿದೆ. ನೆಲದ ಮೇಲೆ ಮೂಗೆತ್ತಿ, ಬಾಲ ಇಳಿಸಿ ನಿಲ್ಲುತ್ತದೆ. ಒಳಗೆ ಹೊಕ್ಕ ಮಳೆನೀರು ಇಳಿಜಾರಿನಲ್ಲಿ ಹರಿದು ಬಾಲದ ತುದಿಯಲ್ಲಿ ನಿಲ್ಲುತ್ತದೆ. ತುಕ್ಕು ಹೆಚ್ಚಾಗಿ ಹಿಡಿಯುವುದು ಅಲ್ಲೇ. ಮೊದಲು ಅಲ್ಲಿ ಕುಕ್ಕರಗಾಲಲ್ಲಿ ಕೂತು, ಕೆಳಗಿನ ಕೊಳವೆಯನ್ನು ಚೂಪಾದ ದಬ್ಬಳದಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಆಮೇಲೆ ಫಲಕ ಹುಡುಕಿ.