ಕಣ್ಣಿಗೆ ಕಾಣದ ಬಿರುಕು ಎಐಗೆ ಹೇಗೆ ಕಾಣುತ್ತೆ?

ಪ್ರಶ್ನೆ: ಸೋಲಾರ್ ಪ್ಯಾನೆಲ್ ಮೇಲಿನ ಗಾಜು ಚೆನ್ನಾಗೇ ಇರುತ್ತೆ. ಆದರೂ ಒಳಗೆ ಬಿರುಕಿದೆ ಅಂತ ಎಐ ಹೇಳುತ್ತಂತೆ. ಹೇಗೆ?

ಉತ್ತರ: ಬಿರುಕು ಕಾಣುವುದು ಕ್ಯಾಮೆರಾಗೆ. ಎಐ ಕೆಲಸ ಶುರುವಾಗುವುದು ಆಮೇಲೆ.

ಪ್ಯಾನೆಲ್ ಬಿಸಿಲು ಕುಡಿದು ಕರೆಂಟ್ ಕೊಡುತ್ತದೆ, ಅಲ್ವಾ? ಅದನ್ನೇ ಉಲ್ಟಾ ಮಾಡಬಹುದು. ಕತ್ತಲಲ್ಲಿ ಹೊರಗಿನಿಂದ ಕರೆಂಟ್ ಹರಿಸಿದರೆ ಪ್ಯಾನೆಲ್‌ನೊಳಗಿನ ಸಿಲಿಕಾನ್ ಬಿಲ್ಲೆಗಳೇ, ಅಂದರೆ ಸೆಲ್‌ಗಳೇ, ಮಂದವಾಗಿ ಬೆಳಗುತ್ತವೆ. ಅದು ಸುಮಾರು 1150 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ ಬೆಳಕು. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಅದಕ್ಕೆಂದೇ ಇರುವ ಕ್ಯಾಮೆರಾ ಹಿಡಿಯುತ್ತದೆ. ಇದಕ್ಕೆ ಎಲೆಕ್ಟ್ರೋಲುಮಿನೆಸೆನ್ಸ್ ಅನ್ನುತ್ತಾರೆ. ಫೋಟೊದಲ್ಲಿ ಬಿರುಕು ಕಪ್ಪು ಗೆರೆಯಾಗಿ ಬೀಳುತ್ತದೆ. ಬಿರುಕು ಬಿಟ್ಟು ಸಂಪರ್ಕ ಕಡಿದುಕೊಂಡ ತುಂಡು ಪೂರ್ತಿ ಕಪ್ಪು.

ಇಷ್ಟೇ ಆಗಿದ್ದರೆ ಎಐ ಬೇಕಿರಲಿಲ್ಲ. ಪಾಲಿಕ್ರಿಸ್ಟಲೈನ್ ಸೆಲ್‌ಗಳಲ್ಲಿ, ಅಂದರೆ ಹಲವು ಹರಳುಗಳು ಕೂಡಿ ಆದ ಸೆಲ್‌ಗಳಲ್ಲಿ, ಸಿಲಿಕಾನ್ ಹರಳುಗಳ ಅಂಚುಗಳೂ ಕಪ್ಪಗೇ ಕಾಣುತ್ತವೆ. ಯಾವುದು ಬಿರುಕು, ಯಾವುದು ಹುಟ್ಟಿನಿಂದಲೇ ಇರುವ ಗೆರೆ? ನುರಿತವರೂ ಇಲ್ಲಿ ತಡವರಿಸುತ್ತಾರೆ. ಜರ್ಮನಿಯ ಸಂಶೋಧಕರು 44 ಪ್ಯಾನೆಲ್‌ಗಳಿಂದ 2,624 ಸೆಲ್‌ಗಳ ಫೋಟೊ ತೆಗೆದು, ಎಲ್ಲರೂ ಬಳಸಲಿ ಅಂತ ಬಿಟ್ಟಿದ್ದಾರೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ವಿಷಯ. ಸೆಲ್ ಕೆಟ್ಟಿದೆಯೋ ಇಲ್ಲವೋ ಅನ್ನುವುದರ ಜೊತೆಗೆ, ನೋಡಿದ ತಜ್ಞರಿಗೆ ಆ ಬಗ್ಗೆ ಎಷ್ಟು ಖಾತ್ರಿಯಿತ್ತು ಎಂಬುದನ್ನೂ ಗುರುತು ಹಾಕಿದ್ದಾರೆ. ಇಂಥ ಫೋಟೊಗಳನ್ನು ನೋಡುತ್ತಾ ನೋಡುತ್ತಾ ಡೀಪ್ ಲರ್ನಿಂಗ್ ಮಾಡೆಲ್ (ಉದಾಹರಣೆಗಳಿಂದ ತಾನೇ ಕಲಿಯುವ ಎಐ) ಮೊದಲು ಅಂಚು, ಗೆರೆಗಳನ್ನು, ಆಮೇಲೆ ಅವುಗಳ ವಿನ್ಯಾಸವನ್ನು ಕಲಿಯುತ್ತದೆ. ಆ ತಂಡದ ಮಾಡೆಲ್ ಶೇ 88.42ರಷ್ಟು ಸರಿ ಹೇಳಿತು. ಏನನ್ನು ಗಮನಿಸಬೇಕು ಅಂತ ಮನುಷ್ಯರೇ ಮೊದಲೇ ಗೊತ್ತುಮಾಡುವ ಹಳೆಯ ಕಂಪ್ಯೂಟರ್ ವಿಧಾನದಲ್ಲಿ ಸಿಕ್ಕಿದ್ದು ಶೇ 82.44.

ಪಾವಗಡದಂಥ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನಲ್ಲಿ ಒಂದೊಂದೇ ಪ್ಯಾನೆಲ್‌ಗೆ ಹೀಗೆ ಕರೆಂಟ್ ಕೊಟ್ಟು ನೋಡುತ್ತಾ ಕೂತರೆ ಮುಗಿಯುವ ಮಾತಲ್ಲ. ಅಷ್ಟು ದೊಡ್ಡ ಜಾಗಕ್ಕೆ ಡ್ರೋನ್ ಮತ್ತು ಬಿಸಿಯನ್ನು ತೋರಿಸುವ ಥರ್ಮಲ್ ಕ್ಯಾಮೆರಾ ವಾಸಿ. ಕೆಟ್ಟ ಸೆಲ್ ಕರೆಂಟ್ ಕೊಡುವ ಬದಲು ಅದನ್ನು ನುಂಗಿ ಬಿಸಿಯಾಗುತ್ತದೆ. ಹಕ್ಕಿ ಹಿಕ್ಕೆ ಬಿದ್ದ ಸೆಲ್ಲೂ ಹಾಗೇ ಬಿಸಿಯಾಗಬಹುದು. ಹಾಗಾಗಿ ಜೊತೆಗೆ ಮಾಮೂಲಿ ಫೋಟೊವನ್ನೂ ನೋಡಬೇಕು. ಇಲ್ಲದಿದ್ದರೆ ತೊಳೆದರೆ ಸಾಕಾಗುವ ಪ್ಯಾನೆಲ್ಲನ್ನು ಸುಮ್ನೆ ಬಿಚ್ಚಿಸಬೇಕಾಗುತ್ತದೆ.

ಯಾರಾದರೂ "ನಮ್ಮ ಎಐ ಶೇ 98 ಸರಿ" ಅಂದರೆ ಅಷ್ಟಕ್ಕೇ ಒಪ್ಪಬೇಡಿ. ನೂರು ಪ್ಯಾನೆಲ್‌ಗಳಲ್ಲಿ ಎರಡೇ ಕೆಟ್ಟಿದ್ದರೆ, ಎಲ್ಲವೂ ಚೆನ್ನಾಗಿದೆ ಅಂತ ಕಣ್ಣು ಮುಚ್ಚಿ ಹೇಳಿದರೂ ಶೇ 98 ಬರುತ್ತದೆ. ಕೆಟ್ಟವುಗಳಲ್ಲಿ ಎಷ್ಟನ್ನು ಹಿಡಿಯಿತು, ನಿಮ್ಮಲ್ಲಿರುವ ಬಗೆಯ ಪ್ಯಾನೆಲ್ ಮೇಲೆ ಪರೀಕ್ಷೆ ಮಾಡಿದ್ದಾರಾ, ಈ ಎರಡನ್ನು ಕೇಳಿ.